ಬೈನಾಕ್ಯುಲರ್‌ನಲ್ಲಿ ನೋಟ ಅಗಲವಾಗಿದೆ, ಅಂಚು ಮಾತ್ರ ಮಸುಕು. ದೋಷವೇ?

ಸಾಮಾನ್ಯವಾಗಿ ದೋಷವಲ್ಲ, ಅಗಲಕ್ಕೆ ತೆತ್ತ ಬೆಲೆ. 8×42ರ (8 ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿ.ಮೀ. ಅಗಲದ ಬೈನಾಕ್ಯುಲರ್) ಮೇಲೆ ನೋಟದ ಕೋನ 8° ಎಂದಿದ್ದರೆ 1000 ಮೀಟರ್ ದೂರದಲ್ಲಿ ಸುಮಾರು 140 ಮೀಟರ್ ಅಗಲ ಕಾಣುತ್ತದೆ. ಕಣ್ಣಿಗೆ ತೋರುವ ಕೋನ 8 ಪಟ್ಟನ್ನು 8°ಯಿಂದ ಬರೀ ಗುಣಿಸಿದರೆ 64°, ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) ಸೂತ್ರದಲ್ಲಿ ಸುಮಾರು 58°. ಒಂದಕ್ಕೆ ಒಂದು ಲೆಕ್ಕ, ಇನ್ನೊಂದಕ್ಕೆ ಇನ್ನೊಂದು ಲೆಕ್ಕ ಕೊಟ್ಟಿದ್ದರೆ, ಎರಡು ಮಾಡೆಲ್ ಹೋಲಿಸುವಾಗ ಮೋಸಹೋಗುವುದು ಇಲ್ಲೇ.

ರಾತ್ರಿ ಟ್ರೈಪಾಡ್ ಮೇಲಿಟ್ಟು, ನಕ್ಷತ್ರವೊಂದನ್ನು ನಡುವೆ ಚುಕ್ಕಿಯಾಗುವಂತೆ ಫೋಕಸ್ ಮಾಡಿ ಅಂಚಿಗೆ ಸರಿಸಿ. ಫೋಕಸ್ ಚಕ್ರ ತುಸು ತಿರುಗಿಸಿದಾಗ ಮತ್ತೆ ಚುಕ್ಕಿಯಾದರೆ ಅದು ಬಿಂಬತಲದ ಬಾಗು, ಅಂದರೆ ಬಿಂಬ ಸಪಾಟಾಗಿ ಮೂಡದೆ ಬಾಗಿದ ಮೇಲ್ಮೈಯಲ್ಲಿ ಮೂಡುವುದು. ಫೀಲ್ಡ್ ಫ್ಲ್ಯಾಟನರ್ ಮಸೂರ ಸರಿಪಡಿಸುವುದು ಇದನ್ನೇ. ಗೆರೆಯಂತೆ ಎಳೆದುಕೊಂಡು, ತಿರುಗಿಸಿದಾಗ ಗೆರೆ ಅಡ್ಡದಿಂದ ಉದ್ದಕ್ಕೆ ಹೊರಳಿದರೆ ಅಸ್ಟಿಗ್ಮ್ಯಾಟಿಸಂ (ಅಡ್ಡ, ಉದ್ದದ ಕಿರಣಗಳು ಬೇರೆಬೇರೆ ದೂರದಲ್ಲಿ ಫೋಕಸ್ ಆಗುವುದು), ಫೋಕಸ್ ಮಾಡಿ ಹೋಗಿಸಲಾಗದು. ಹಕ್ಕಿ ನೋಡುವವರಿಗೆ ಎರಡೂ ಅಷ್ಟೇನೂ ಕಾಡುವುದಿಲ್ಲ, ಹಕ್ಕಿ ನಡುವೆಯೇ ಇರುತ್ತದಲ್ಲ.

ಕಣ್ಣು ನೇರವಿದ್ದೂ ಒಂದೇ ಬದಿಯ ಅಂಚು ಮಸುಕಾದರೆ ಮಸೂರ ಓರೆಯಾಗಿರಬಹುದು, ವಾರಂಟಿಯಲ್ಲಿ ಬದಲಿಸಿಕೊಳ್ಳಿ.