ಕರೆಂಟ್ ಬಿಟ್ಟರೆ ಅದರ ಕೆಲಸ ಯಾರ ತಲೆಗೆ?

ಪ್ರಶ್ನೆ: ನಾವು ಶಿವಮೊಗ್ಗ ಪೇಟೆಯಲ್ಲಿದ್ದೇವೆ. ಇಲ್ಲಿಯ ಮನೆ ಮಾರಿ, ತೀರ್ಥಹಳ್ಳಿ ಹತ್ತಿರ ಎರಡು ಎಕರೆ ಕೊಂಡು, ಕರೆಂಟ್, ಗ್ಯಾಸ್ ಇಲ್ಲದೆ ಬದುಕೋಣ ಅಂತ ಯಜಮಾನರ ಹಟ. ಅವರು ಕೆಲಸಕ್ಕೆ ದಿನಾ ಬೈಕಿನಲ್ಲಿ ಬರುತ್ತಾರಂತೆ. ಅತ್ತೆಗೆ ಇನ್ಸುಲಿನ್ ಬೇಕು, ಮಗಳು ಎಂಟನೇ ಕ್ಲಾಸು. ನಾನು ಬಟ್ಟೆ ಚೀಲ ಒಯ್ಯುವುದು, ಹಸಿಕಸದ ಗೊಬ್ಬರ ಮಾಡುವುದು ಅವರ ಪ್ರಕಾರ ಬರೀ ನಾಟಕ. ನಾನು ಒಪ್ಪದಿರುವುದು ಸ್ವಾರ್ಥವೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಖಂಡಿತ ಅಲ್ಲ. ಮೊದಲು ಯಜಮಾನರ ಲೆಕ್ಕವನ್ನೇ ನೋಡೋಣ. ತೀರ್ಥಹಳ್ಳಿಗೆ ಹೋಗಿಬರಲು ಸುಮಾರು 120 ಕಿ.ಮೀ. ಬೈಕಿಗೆ ದಿನಕ್ಕೆ ಮೂರು ಲೀಟರ್ ಪೆಟ್ರೋಲ್ ಅಂದುಕೊಳ್ಳಿ. ಒಂದು ಲೀಟರ್ ಉರಿದರೆ 2.3 ಕೆಜಿ ಇಂಗಾಲದ ಡೈಆಕ್ಸೈಡ್, ಅಂದರೆ ದಿನಕ್ಕೆ ಏಳು ಕೆಜಿ. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕೆಜಿ. ತಿಂಗಳಿಗೆ ನೂರು ಯೂನಿಟ್ ಸುಡುವ ಮನೆಯ ಹೊಗೆಯನ್ನು ಅವರ ಬೈಕು ಹತ್ತೇ ದಿನದಲ್ಲಿ ಬಿಟ್ಟಿರುತ್ತದೆ!

ಬಟ್ಟೆ ಚೀಲ ಒಂದರಿಂದಲೇ ಭೂಮಿ ಉಳಿಯೋದಿಲ್ಲ, ನಿಜ. ಆದರೆ ಹಸಿಕಸದ ವಿಷಯ ಬೇರೆ. ಕಸದ ಗುಡ್ಡೆಯಲ್ಲಿ ಗಾಳಿಯಾಡದೆ ಕೊಳೆತರೆ ಅದರಿಂದ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಬರುತ್ತದೆ. ನೀವು ಅದನ್ನು ಮನೆಯಲ್ಲೇ ತಡೆಯುತ್ತಿದ್ದೀರಿ. ಇದು ನಾಟಕ ಅಲ್ವೇ ಅಲ್ಲ.

ನನಗೆ ಕಾಡುವ ಪ್ರಶ್ನೆ ಇನ್ನೊಂದು. ಕರೆಂಟ್ ಹೋದರೂ ಕೆಲಸ ಎಲ್ಲೂ ಹೋಗೋದಿಲ್ಲ, ಯಾರದೋ ಮೈಮೇಲೆ ಬೀಳುತ್ತದೆ. ಬಾವಿಯಿಂದ ನೀರು ಸೇದುವವರು ಯಾರು? ಹಸಿ ಸೌದೆ ಊದಿ ಒಲೆ ಹೊತ್ತಿಸುವವರು, ಮಳೆಗಾಲದಲ್ಲಿ ಬಟ್ಟೆಯನ್ನು ಬಚ್ಚಲ ಒಲೆಯ ಬಿಸಿಗೆ ಒಣಗಿಸುವವರು ಯಾರು? ಅವರು ಬೆಳಿಗ್ಗೆಯೇ ಬೈಕ್ ಹತ್ತಿರುತ್ತಾರೆ. ಒರಳುಕಲ್ಲನ್ನು ಮೂಲೆಗೆ ತಳ್ಳಿದ ನಮ್ಮ ಅಜ್ಜಿಯರು ಪರಿಸರದ ಶತ್ರುಗಳೇನಲ್ಲ, ರಟ್ಟೆ ಸೋತವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರೂರಿಗೆ ದೀಪ ಹತ್ತಿದಾಗ, ಅದಕ್ಕಾಗಿ ಮನೆ ಮುಳುಗಿಸಿಕೊಂಡ ಎಷ್ಟೋ ಜನ ವರ್ಷಗಟ್ಟಲೆ ಬುಡ್ಡಿದೀಪದಲ್ಲೇ ಇದ್ದರು. ಅದನ್ನು ಅವರು ಹಸಿರು ಬದುಕು ಅನ್ನಲಿಲ್ಲ, ಅನ್ಯಾಯ ಅಂದರು.

ಇನ್ಸುಲಿನ್ ವಿಷಯದಲ್ಲಿ ಚೌಕಾಸಿ ಬೇಡ. ತೆರೆಯದ ಬಾಟಲಿಗಳಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಆಷಾಢದ ಮೋಡದಲ್ಲಿ ಬರೀ ಸೋಲಾರ್ ನಂಬಿ ಫ್ರಿಜ್ ನಡೆಸೋದು ಕಷ್ಟ. ಮಲೆನಾಡಿನಲ್ಲಿ ಹಳ್ಳದ ನೀರಿಗೆ ಸಣ್ಣ ಟರ್ಬೈನ್ ಇಟ್ಟು ಕರೆಂಟ್ ಮಾಡಿಕೊಂಡವರಿದ್ದಾರೆ. ಒಳ್ಳೆಯ ಉಪಾಯವೇ, ಆದರೆ ಬೇಸಿಗೆಗೆ ಹಳ್ಳ ಬತ್ತಿದರೆ ಅದೂ ಇಲ್ಲ.

ಹಾಗಂತ ಅವರ ಆಸೆಯನ್ನು ಸುಮ್ನೆ ನಗಾಡಿ ತಳ್ಳಬೇಡಿ. ಈಗಿರುವ ಮನೆಯ ಚಾವಣಿಗೇ ಸೋಲಾರ್ ಹಾಕಿಸಲು ಹೇಳಿ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಕೇಂದ್ರದ ಸಹಾಯಧನವಿದೆ. ಅಷ್ಟಕ್ಕೂ ಸಮಾಧಾನವಾಗದಿದ್ದರೆ ಆ ಕಡೆ ಒಂದು ಬಾಡಿಗೆ ಮನೆ ಹಿಡಿಯಲಿ. ಆರಿದ್ರಾ ಮಳೆಯಿಂದ ಆಶ್ಲೇಷಾ ಮುಗಿಯುವವರೆಗೆ ಒಬ್ಬರೇ ಇದ್ದು, ನೀರು, ಸೌದೆ, ಅಡುಗೆ, ಬಟ್ಟೆ ಎಲ್ಲ ತಾವೇ ಮಾಡಿಕೊಳ್ಳಲಿ. ಆಮೇಲೆ ಮಗಳನ್ನೂ ಅತ್ತೆಯನ್ನೂ ಕೂರಿಸಿಕೊಂಡು ಮಾತಾಡಿ. ಮನೆಯ ಖಾತೆಯಲ್ಲಿ ನಿಮ್ಮ ಹೆಸರೂ ಇದ್ದರೆ, ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.