ಕುಂದಾಪುರದ ಬಳಿ ಗೋದಾಮು ಕಟ್ಟಿಸುತ್ತಿದ್ದೇವೆ. ಮಾಡಿಗೆ ಹೆಂಚೋ, ಸ್ಲ್ಯಾಬೋ, ಶೀಟೋ?

ನಿಮ್ಮ ತಂದೆಯವರು ಹೆಂಚು ಎನ್ನುತ್ತಾರೆ, ಎಂಜಿನಿಯರ್ ಸ್ಲ್ಯಾಬ್ ಎನ್ನುತ್ತಾರೆ, ಗುತ್ತಿಗೆದಾರರು ಉಕ್ಕಿನ ಶೀಟು ಎನ್ನುತ್ತಾರೆ. ನೀವು ಬರೆದಿರುವಂತೆ 5,000 ಚದರಡಿಯ ಗೋದಾಮು, ರಸ್ತೆ ಬದಿಗೆ ಎರಡು ಅಂಗಡಿ, ಸಮುದ್ರ ಎರಡು ಕಿಲೋಮೀಟರ್ ದೂರ, ಒಳಗೆ ಅಕ್ಕಿ ಮತ್ತು ಹಿಂಡಿಯ ಮೂಟೆ. ನಾನು ಗುತ್ತಿಗೆದಾರರ ಪರ. ಆದರೆ ಅವರು ದರಪಟ್ಟಿಯಲ್ಲಿ ಬರೆದುಕೊಟ್ಟಿರುವ ಆ 0.40 ಮಿಲಿಮೀಟರ್ ಶೀಟಿನ ಪರ ಅಲ್ಲ.

ನಾನು ಎಂಜಿನಿಯರ್ ಅಲ್ಲ. ಉಡುಪಿ ಕಡೆ ಪಶು ಆಹಾರದ ಗೋದಾಮು ಇಟ್ಟುಕೊಂಡು, ಒಂದೇ ಕಟ್ಟಡಕ್ಕೆ ಎರಡು ಸಲ ಮಾಡು ಹಾಕಿಸಿದವನು.

ತಂದೆಯವರ ಮಾತನ್ನು ಹಗುರವಾಗಿ ತಳ್ಳಬೇಡಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಈ ಕರಾವಳಿಯ ಮಳೆಯನ್ನು ತಡೆದಿರುವುದು ಆ ಕೆಂಪು ಹೆಂಚೇ. ಉಪ್ಪುಗಾಳಿಗೆ ಅದು ಜಗ್ಗುವುದಿಲ್ಲ, ಒಳಗೆ ತಂಪು. ತೊಡಕಿರುವುದು ಗೋದಾಮಿನ ಅಗಲದಲ್ಲಿ. ಹೆಂಚಿನ ಮಾಡು ಚದರ ಮೀಟರಿಗೆ 40 ಕಿಲೋ ಆಸುಪಾಸು ತೂಗುತ್ತದೆ, ಶೀಟು 5 ಕಿಲೋ. ಅಷ್ಟು ಭಾರವನ್ನು, ಹೆಂಚಿಗೆ ಬೇಕಾದ ಕಡಿದಾದ ಇಳಿಜಾರಿನಲ್ಲಿ, ನಡುವೆ ಕಂಬವಿಲ್ಲದೆ ಹೊರಿಸಲು ಹೊರಟರೆ ಹೆಂಚಿಗಿಂತ ಅದರ ಅಡಿಯ ಕಬ್ಬಿಣ, ಪಕ್ಕಾಸು, ರೀಪುಗಳಿಗೇ ಹಣ ಹೋಗುತ್ತದೆ. ಮೇಲೆ ಮಂಗಗಳ ಕಾಟ. ಒಂದು ಹೆಂಚು ಜರುಗಿದರೆ ಮನೆಯಲ್ಲಿ ಬಕೆಟ್ ಇಡಬಹುದು, ಗೋದಾಮಿನಲ್ಲಿ ಆ ಹೆಂಚಿನ ಕೆಳಗೆ ಇಪ್ಪತ್ತು ಮೂಟೆ ಇರುತ್ತವೆ.

ಸ್ಲ್ಯಾಬಿನ ಬಗ್ಗೆ ಒಂದೇ ಮಾತು. ಕುಂದಾಪುರದಿಂದ ಮಂಗಳೂರಿನವರೆಗೆ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುತ್ತಾ ಹೋಗಿ. ಸ್ಲ್ಯಾಬಿನ ಮೇಲೆ ಕಬ್ಬಿಣದ ಕಾಲು ನಿಲ್ಲಿಸಿ ಶೀಟು ಹೊದಿಸಿದ ಕಟ್ಟಡಗಳು ಎಷ್ಟಿವೆ ಎಂದು ಎಣಿಸಿ. ಅವರೆಲ್ಲ ಸ್ಲ್ಯಾಬೊಂದೇ ಮಳೆಗೆ ಸಾಲದೆ ಎರಡು ಮಾಡಿಗೆ ದುಡ್ಡು ಕೊಟ್ಟವರು. ಅಂಗಡಿಗಳ ಮೇಲೆ ಮುಂದೆ ಮಹಡಿ ಎಬ್ಬಿಸುವ ಆಲೋಚನೆ ಇದ್ದರೆ ಅಲ್ಲಿಗೆ ಮಾತ್ರ ಸ್ಲ್ಯಾಬ್ ಹಾಕಿಸಿ.

ಸಿಮೆಂಟ್ ಶೀಟಿನ ಬಗ್ಗೆ ನೀವು ಕೇಳಿಲ್ಲ, ಆದರೆ ಅಗ್ಗವೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರಲ್ಲಿ ಕಲ್ನಾರು ಇದ್ದರೆ ಬೇಡ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕತ್ತರಿಸುವಾಗ, ತೂತು ಕೊರೆಯುವಾಗ ಏಳುವ ಧೂಳು ಕೆಲಸಗಾರರ ಎದೆಗೂ ಹೋಗುತ್ತದೆ, ನಿಮ್ಮ ಅಕ್ಕಿಯ ಮೇಲೂ ಕೂರುತ್ತದೆ.

ಇನ್ನು ಶೀಟು. ಗ್ಯಾಲ್ವಲ್ಯೂಮ್ ಮೇಲೆ ಬಣ್ಣ ಹಾಕಿದ್ದನ್ನೇ ಕೇಳಿ. ಅದು ಲೋಹದ ಲೇಪವಿರುವ ಉಕ್ಕಿನ ಶೀಟು; ಲೇಪದಲ್ಲಿ ನೂರಕ್ಕೆ 55 ಪಾಲು ಅಲ್ಯೂಮಿನಿಯಂ, 43ಕ್ಕಿಂತ ತುಸು ಹೆಚ್ಚು ಸತು, ಉಳಿದದ್ದು ಸಿಲಿಕಾನ್. ಲೇಪ ಚದರ ಮೀಟರಿಗೆ 150 ಗ್ರಾಂ ಇರಬೇಕು, ಅದು ಬಿಲ್ಲಿನಲ್ಲಿ ಬರೆದಿರಬೇಕು. ದಪ್ಪದ ವಿಷಯದಲ್ಲಿ ಎಲ್ಲರೂ ಜಾರುತ್ತಾರೆ. ಅಂಗಡಿಯವರು 0.50 ಎಂದಾಗ ಬಣ್ಣ, ಲೇಪ ಎಲ್ಲ ಸೇರಿಸಿ ಹೇಳುತ್ತಿರುತ್ತಾರೆ. ಒಳಗಿನ ಉಕ್ಕು 0.42ರ ಸುಮಾರು ಮಾತ್ರ. 0.40 ಶೀಟಿನಲ್ಲಿ ಏನು ಉಳಿಯುತ್ತದೆಂದು ನೀವೇ ಕಳೆಯಿರಿ. ಖಾತರಿ ಪತ್ರದಲ್ಲಿ ಸಮುದ್ರದಿಂದ ಎಷ್ಟು ದೂರವಿರಬೇಕು ಎಂಬ ಷರತ್ತು ಇದೆಯೇ ಎಂದೂ ಓದಿ.

ಆದರೂ ನನ್ನ ಮೊದಲ ಮಾಡು ಹಾಳಾದದ್ದು ಶೀಟಿನಿಂದಲ್ಲ. ಕೆಲಸದವರು ಶೀಟುಗಳನ್ನು ಮೇಲೆಯೇ ಹರಡಿಕೊಂಡು ಗ್ರೈಂಡರಿನಲ್ಲಿ ಕತ್ತರಿಸಿದರು. ಹಾರಿದ ಕಬ್ಬಿಣದ ಬಿಸಿ ಪುಡಿ ಬಣ್ಣಕ್ಕೆ ಅಂಟಿಕೊಂಡಿತು. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಶೀಟಿನ ತುಂಬ ಕಂದು ಚುಕ್ಕೆ, ಸಿಡುಬು ಎದ್ದ ಹಾಗೆ. ಸ್ಕ್ರೂಗಳನ್ನು ನೀರು ಹರಿಯುವ ತಗ್ಗಿಗೇ ಹೊಡೆದಿದ್ದರು, ಬಿಗಿಯಾಗಲಿ ಎಂದು ರಬ್ಬರ್ ವಾಷರ್ ಚಪ್ಪಟೆಯಾಗುವಷ್ಟು ತಿರುಗಿಸಿದ್ದರು. ಆರು ವರ್ಷಕ್ಕೆ ವಾಷರ್‌ಗಳು ಸೀಳಿದವು, ಪ್ರತಿ ಸ್ಕ್ರೂ ಒಂದೊಂದು ತೊಟ್ಟು ಬಿಡತೊಡಗಿತು. ಆ ವರ್ಷದ ಜೂನಿನ ಗಾಳಿಗೆ ಮೂಲೆಯ ಮೂರು ಶೀಟು ಪಕ್ಕದ ಗದ್ದೆಗೆ ಹೋದವು. ಗಾಳಿ ಶೀಟನ್ನು ಮೇಲಕ್ಕೆ ಎಳೆಯುವುದು ಅಂಚು ಮತ್ತು ಮೂಲೆಗಳಲ್ಲೇ ಜಾಸ್ತಿ ಎಂದು ನನಗೆ ಆಮೇಲೆ ತಿಳಿಯಿತು.

ಎರಡನೆಯ ಸಲ ಉದ್ದ ಅಳೆದು, ಕತ್ತರಿಸಿದ ಶೀಟನ್ನೇ ಕಾರ್ಖಾನೆಯಿಂದ ತರಿಸಿದೆ. ಸ್ಕ್ರೂ ಉಬ್ಬಿನ ಮೇಲೆ. ಅಂಚಿನಲ್ಲಿ ಪ್ರತಿ ಉಬ್ಬಿಗೂ, ನಡುವೆ ಒಂದು ಬಿಟ್ಟು ಒಂದು. ನಿಂತು ಎಣಿಸಿದೆ. ಮೇಸ್ತ್ರಿಗೆ ಸಿಟ್ಟು ಬಂದಿತು, ಬರಲಿ.

ಇದಾದ ಮೇಲೂ ಡಿಸೆಂಬರಿನ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮೇಲಿನ ಸಾಲಿನ ಮೂಟೆಗಳ ಮೇಲೆ ಒದ್ದೆ ಕಲೆ. ಮಳೆ ನಿಂತು ತಿಂಗಳಾಗಿತ್ತು. ಎರಡು ದಿನ ಮೇಲೆ ಹತ್ತಿ ತೂತು ಹುಡುಕಿಸಿದೆ, ಒಂದೂ ಸಿಗಲಿಲ್ಲ. ಅದು ಸೋರಿಕೆಯಲ್ಲ, ಇಬ್ಬನಿ. ರಾತ್ರಿ ಶೀಟು ತಣ್ಣಗಾಗುತ್ತದೆ, ಒಳಗಿನ ತೇವದ ಗಾಳಿ ಅದರ ಅಡಿಗೆ ತಾಗಿ ನೀರಾಗಿ ಉದುರುತ್ತದೆ. ಧಾನ್ಯ ಇಡುವವರು ಆದ್ದರಿಂದ ಶೀಟಿನ ಅಡಿಗೆ ಶಾಖ ತಡೆಯುವ ಹಾಳೆಯನ್ನು ಮೊದಲೇ ಹಾಸಿಸಬೇಕು, ನೆತ್ತಿಯಲ್ಲಿ ಗಾಳಿ ಹೋಗಲು ದಾರಿ ಬಿಡಬೇಕು. ಆಮೇಲೆ ಹಾಕಿಸಲು ಹೋದರೆ ಎಲ್ಲ ಶೀಟು ಬಿಚ್ಚಬೇಕಾಗುತ್ತದೆ. ನಾನು ಬಿಚ್ಚಿಸಿದೆ. ಏಪ್ರಿಲ್ ಬಿಸಿಲಿನಲ್ಲಿ ಮೂಟೆ ಹೊರುವವರಿಗೂ ಅದರಿಂದ ಉಪಕಾರವಾಯಿತು.

ಸೂರಿನ ಒಳಮೈಯನ್ನು ವರ್ಷಕ್ಕೆ ಎರಡು ಸಲ ಸಿಹಿನೀರಿನಲ್ಲಿ ತೊಳೆಸಿ. ಮೇಲ್ಮೈಯ ಉಪ್ಪನ್ನು ಮಳೆಯೇ ತೊಳೆಯುತ್ತದೆ, ಸೂರಿನ ಅಡಿಗೆ ಮಳೆ ತಾಗುವುದಿಲ್ಲ, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ನೀರಿನ ಲೆಕ್ಕವನ್ನು ಎಂಜಿನಿಯರ್ ಹತ್ತಿರ ಬರೆಸಿಕೊಳ್ಳಿ. 5,000 ಚದರಡಿ ಎಂದರೆ ಸುಮಾರು 465 ಚದರ ಮೀಟರ್. ಗಂಟೆಗೆ 100 ಮಿಲಿಮೀಟರ್ ಸುರಿಯುವ ಮಳೆಗೆ 46,500 ಲೀಟರ್ ನೀರು ಕೆಳಗಿಳಿಯಬೇಕು. ನಿಮ್ಮ ಅಂಗಡಿಗಳ ಗೋಡೆ ಗೋದಾಮಿಗೆ ಅಂಟಿಕೊಂಡಿದೆಯೇ, ನಡುವೆ ಜಾಗ ಇದೆಯೇ ಎಂದು ನೀವು ಬರೆದಿಲ್ಲ. ಅಂಟಿಕೊಂಡಿದ್ದು, ಎರಡೂ ಮಾಡಿನ ನೀರು ನಡುವಿನ ಒಂದೇ ದೋಣಿಗೆ, ಅಂದರೆ ನೀರು ಹರಿದುಹೋಗುವ ಕಾಲುವೆಗೆ, ಬೀಳುವಂತಿದ್ದರೆ ನಕ್ಷೆಯನ್ನು ಈಗಲೇ ಬದಲಿಸಿ, ಗೋದಾಮಿನ ಇಳಿಜಾರನ್ನು ಹಿಂದಕ್ಕೆ ತಿರುಗಿಸಿ. ಅಂಗಡಿಗಳ ಮುಂದಿನ ಜಗಲಿಗೆ ತಂದೆಯವರ ಹೆಂಚು ಚೆನ್ನಾಗಿ ಒಪ್ಪುತ್ತದೆ, ಅದನ್ನು ಹಾಕಿಸಿ. ಎರಡು ಕಟ್ಟಡ ಕೂಡುವ ಜಾಗದ ಅಳತೆಯನ್ನು ಇಲ್ಲಿ ತಿಳಿಸಿದರೆ ಉಳಿದದ್ದನ್ನು ನೋಡಿ ಹೇಳುತ್ತೇನೆ.