ಸೊಂಟದ ಕೀಲು ಬದಲಾವಣೆ: ಸೆರಾಮಿಕ್ ಮೇಲೆ ಸೆರಾಮಿಕ್ ಬೇಕೇ, ಪಾಲಿ ಸಾಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ನಿಮಗೆ 46 ವರ್ಷ, ರಕ್ತ ಹರಿಯದೆ ಮೂಳೆ ಸಾಯುವ ರೋಗವಾದ ಎವಿಎನ್‌ನಿಂದಾಗಿ ಬಲ ಸೊಂಟದ ಚೆಂಡು ಕುಸಿದಿದೆ. ಒಂದು ಆಸ್ಪತ್ರೆಯವರು ಸೆರಾಮಿಕ್ ಚೆಂಡು ಮತ್ತು ಪಾಲಿ (ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್) ಲೈನರ್, ಅಂದರೆ ಚೆಂಡು ತಿರುಗುವ ಬಟ್ಟಲಿನ ಒಳಪದರ, ಇರುವ, ಸಿಮೆಂಟ್ ಬಳಸದ ಕೀಲನ್ನು ಸೂಚಿಸಿದ್ದಾರೆ. ಇನ್ನೊಂದು ಕಡೆಯವರೂ ಸಿಮೆಂಟ್ ಬೇಡವೆಂದಿದ್ದಾರೆ, ಆದರೆ ಪಾಲಿ ಬೇಗ ಸವೆಯುತ್ತದೆ, ಚೆಂಡು, ಲೈನರ್ ಎರಡೂ ಸೆರಾಮಿಕ್ ಆಗಿರಲಿ, ಜೀವಮಾನಕ್ಕೆ ಸಾಕು ಎಂದು 90,000 ರೂಪಾಯಿ ಹೆಚ್ಚು ಕೇಳಿದ್ದಾರೆ. ಎರಡು ವರ್ಷಗಳ ಹಿಂದೆ ಬಚ್ಚಲಲ್ಲಿ ಜಾರಿ ತೊಡೆಮೂಳೆಯ ಕತ್ತು ಮುರಿದುಕೊಂಡ ನಿಮ್ಮ 78 ವರ್ಷದ ತಾಯಿಗೆ ಸಿಮೆಂಟ್ ಹಾಕಿ ಕೂರಿಸಿದ್ದು ಹಳೆಯ ಕಾಲದ ಅಗ್ಗದ ಮಾಲೇ ಎಂಬ ಅನುಮಾನವೂ ನಿಮ್ಮನ್ನು ಕಾಡುತ್ತಿದೆ.

ನಾನು ವೈದ್ಯಳಲ್ಲ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಮೂಳೆ ವಿಭಾಗದ ಥಿಯೇಟರಿನಲ್ಲಿ 22 ವರ್ಷ ಶಸ್ತ್ರಚಿಕಿತ್ಸಕರ ಎದುರಿಗೆ ನಿಂತು ಉಪಕರಣ ಕೊಟ್ಟ ನರ್ಸ್. ಡಬ್ಬಿ ಒಡೆದು ಚೆಂಡನ್ನು ಟ್ರೇಗೆ ಇಳಿಸಿಕೊಂಡವಳು ನಾನು, ಹದಿನೈದು ವರ್ಷ ಕಳೆದ ಮೇಲೆ ಸವೆದ ಲೈನರನ್ನು ಹೊರತೆಗೆದಾಗ ಅದನ್ನು ಕೈಯಲ್ಲಿ ಹಿಡಿದು ನೋಡಿದವಳೂ ನಾನೇ. ಅಷ್ಟರ ಮಟ್ಟಿಗೆ ಈ ಉತ್ತರವನ್ನು ತೆಗೆದುಕೊಳ್ಳಿ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕೃತಕ ಕೀಲು ಮೂಳೆಯನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂಬುದು ಒಂದು ವಿಷಯ. ಉಜ್ಜುವ ಜಾಗದಲ್ಲಿ ಯಾವುದರ ಮೇಲೆ ಯಾವುದು ತಿರುಗುತ್ತದೆ ಎಂಬುದು ಇನ್ನೊಂದು. ಸಿಮೆಂಟಿನ ಮಾತು ಮೊದಲನೆಯದಕ್ಕೆ ಸೇರಿದ್ದು, ಸೆರಾಮಿಕ್ಕಿನ ಮಾತು ಎರಡನೆಯದಕ್ಕೆ. ಆಸ್ಪತ್ರೆಯ ಕೊಟೇಶನ್ ಹಾಳೆಯಲ್ಲಿ ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆದು ಒಂದೇ ಮೊತ್ತವನ್ನು ಹಾಕುವುದರಿಂದ, ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡನ್ನು ಜನರು ಒಂದೇ ತಕ್ಕಡಿಯಲ್ಲಿ ಇಡುತ್ತಾರೆ.

ನಿಮ್ಮ ತಾಯಿಯವರ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿ ನೀವು ಚಿಂತಿಸಬೇಕಾದದ್ದು ಏನೂ ಇಲ್ಲ. ಈ ಸಿಮೆಂಟ್ ಹಲ್ಲಿನ ಸೆಟ್ಟಿಗೆ ಬಳಸುವ ಅಕ್ರಿಲಿಕ್ಕಿನ ಜಾತಿಯದು. ಪುಡಿಗೆ ದ್ರವವನ್ನು ಬೆರೆಸಿದೊಡನೆ ಮೂಗಿಗೆ ಅಡರುವ ಘಾಟು ಬರುತ್ತದೆ. ಮೊದಲು ಅಂಬಲಿಯಂತೆ ತೆಳ್ಳಗಿದ್ದದ್ದು ನೋಡುನೋಡುತ್ತಲೇ ಕೈಗವಸಿಗೆ ಅಂಟದ ಕಣಕದ ಹದಕ್ಕೆ ಬಂದು, ಸುಮಾರು 10–12 ನಿಮಿಷಗಳಲ್ಲಿ ಬಿಸಿಯೇರಿ ಕಲ್ಲಾಗುತ್ತದೆ. ಕೋಣೆ ಬೆಚ್ಚಗಿದ್ದಷ್ಟೂ ಬೇಗ ಗಟ್ಟಿಯಾಗುವ ವಸ್ತುವಾದ್ದರಿಂದ, ಏಪ್ರಿಲ್ ತಿಂಗಳಲ್ಲಿ ಏಸಿ ಕೈಕೊಟ್ಟ ದಿನ ನಮ್ಮ ಕಣ್ಣೆಲ್ಲ ಗಡಿಯಾರದ ಮೇಲೇ ಇರುತ್ತಿತ್ತು. ಇದು ಅಂಟಲ್ಲ. ಸ್ಪಂಜಿನಂಥ ಮೂಳೆಯ ಸಂದುಗಳಿಗೆ ಹೊಕ್ಕು, ತೊಡೆಮೂಳೆಯೊಳಗೆ ಇಳಿಸುವ ಲೋಹದ ಕಂಬಿಯಾದ ಸ್ಟೆಮ್ಮಿನ ಸುತ್ತ ಗಟ್ಟಿಯಾಗಿ, ಅದನ್ನು ಅಲುಗಾಡದಂತೆ ಹಿಡಿಯುವ ತುಂಬುವಸ್ತು. ಮೂಳೆ ಸವೆದು ಟೊಳ್ಳಾಗಿರುವ ವೃದ್ಧರಲ್ಲಿ ಸಿಮೆಂಟ್ ಇಲ್ಲದ ಸ್ಟೆಮ್ಮನ್ನು ಬಿಗಿಯಾಗಿ ಹೊಡೆದು ಕೂರಿಸಿದರೆ ಆಗಲೇ ಅಥವಾ ಮುಂದಿನ ತಿಂಗಳುಗಳಲ್ಲಿ ತೊಡೆಮೂಳೆ ಸೀಳುವ ಅಪಾಯ ಹೆಚ್ಚು. ಸಿಮೆಂಟ್ ಆ ಅಪಾಯವನ್ನು ತಗ್ಗಿಸುತ್ತದೆ. ಸಿಮೆಂಟಿಗೂ ಅದರದೇ ತೊಂದರೆ ಇಲ್ಲದಿಲ್ಲ. ಅದನ್ನು ಮೂಳೆಯೊಳಗೆ ಒತ್ತಿ ತುಂಬುವ ಹೊತ್ತಿನಲ್ಲಿ ಕೆಲವರ ರಕ್ತದೊತ್ತಡ ಥಟ್ಟನೆ ಇಳಿಯುತ್ತದೆ, ಅದಕ್ಕಾಗಿಯೇ "ಸಿಮೆಂಟ್ ಹೋಗ್ತಾ ಇದೆ" ಎಂದು ಅರಿವಳಿಕೆ ವೈದ್ಯರಿಗೆ ಗಟ್ಟಿಯಾಗಿ ಕೂಗಿ ಹೇಳುವ ಪದ್ಧತಿ ಇದೆ. ಆದರೂ ತೊಡೆಮೂಳೆಯ ಕತ್ತು ಮುರಿದ 78ರ ವಯಸ್ಸಿನವರಿಗೆ ಅದು ಅಗ್ಗದ ಮಾಲಲ್ಲ, ತಕ್ಕ ಮಾಲು.

ನಿಮ್ಮ ವಯಸ್ಸಿನಲ್ಲಿ ಮೂಳೆ ಗಟ್ಟಿಯಾಗಿರುವುದರಿಂದ ಸಿಮೆಂಟ್ ಇಲ್ಲದ ಬಗೆಯನ್ನು ಇಬ್ಬರು ವೈದ್ಯರೂ ಹೇಳಿದ್ದರಲ್ಲಿ ಅಚ್ಚರಿಯಿಲ್ಲ. ಇಲ್ಲಿ ಟೈಟಾನಿಯಂ ಮಿಶ್ರಲೋಹದ ಸ್ಟೆಮ್ಮಿನ ಒರಟು ಮೈಗೆ ನಿಮ್ಮದೇ ಮೂಳೆ ಬೆಳೆದು ಹತ್ತಿಕೊಳ್ಳಬೇಕು. ಅದಕ್ಕೆ ಕೆಲವು ವಾರಗಳು, ತಿಂಗಳುಗಳು ಬೇಕಾಗುವುದರಿಂದ ಅಲ್ಲಿಯವರೆಗೆ ಅದು ಬಿಗಿಯಾಗಿ ಕೂತಿರುವುದು ಮುಖ್ಯ. ಅರದಂಥ ಹಲ್ಲುಗಳಿರುವ ಬ್ರೋಚ್‌ಗಳನ್ನು ನಾವು ಚಿಕ್ಕ ಅಳತೆಯಿಂದ ದೊಡ್ಡದಕ್ಕೆ ಒಂದೊಂದಾಗಿ ಕೊಡುತ್ತ ಹೋಗುತ್ತೇವೆ. ಸುತ್ತಿಗೆಯ ಸದ್ದು ಮೊದಮೊದಲು ಒದ್ದೆ ಕಟ್ಟಿಗೆಗೆ ಬಡಿದಂತೆ ಮಂದವಾಗಿರುತ್ತದೆ. ಅಳತೆ ಸರಿಹೊಂದಿದ ಏಟಿಗೆ ಅದೇ ಸದ್ದು ಏರಿ, ಕಂಚಿನ ಪಾತ್ರೆಗೆ ತಾಗಿದಂತೆ "ಠಣ್" ಎನ್ನುತ್ತದೆ. ನುರಿತ ಕೈ ಅಲ್ಲಿಗೆ ನಿಲ್ಲುತ್ತದೆ. ಕೊಟೇಶನ್ನಿನಲ್ಲಿ ಎಲ್ಲಿಯೂ ನಮೂದಾಗದ ಈ ಕಿವಿಯ ಬೆಲೆ ನೀವು ಹೇಳುವ 90,000ಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಇನ್ನು ಉಜ್ಜುವ ಜಾಗ. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿರುವ ರೈಟಿಂಗ್ಟನ್ ಆಸ್ಪತ್ರೆಯ ಮೂಳೆ ಶಸ್ತ್ರಚಿಕಿತ್ಸಕ ಜಾನ್ ಚಾರ್ನ್‌ಲೀ ಅವರು ಮೊದಲಿಗೆ ಟೆಫ್ಲಾನ್ ಬಟ್ಟಲನ್ನು ನಂಬಿ ನೂರಾರು ರೋಗಿಗಳಿಗೆ ಹಾಕಿದರು. ಎರಡು ಮೂರು ವರ್ಷಗಳಲ್ಲೇ ಅವು ಸವೆದು, ಉದುರಿದ ಪುಡಿ ಸುತ್ತಲಿನ ಅಂಗಾಂಶವನ್ನು ಕೆಡಿಸಿತು. ಆ ಹೊತ್ತಿಗೆ ಮಗ್ಗದ ಯಂತ್ರಗಳ ಹಲ್ಲುಚಕ್ರಕ್ಕೆಂದು ಒಬ್ಬ ಮಾರಾಟಗಾರ ತಂದು ತೋರಿಸಿದ ಪಾಲಿಎಥಿಲೀನ್ ತುಂಡು ಅವರಿಗೆ ಹಿಡಿಸಲಿಲ್ಲವಂತೆ. ಅವರ ಪ್ರಯೋಗಾಲಯದ ಹ್ಯಾರಿ ಕ್ರೇವನ್ ಅದನ್ನು ಸವೆತ ಅಳೆಯುವ ಯಂತ್ರಕ್ಕೆ ಹಾಕಿ ನೋಡಿದ್ದರಿಂದ ಅದರ ಗುಣ ಬೆಳಕಿಗೆ ಬಂದು, 1962ರ ನವೆಂಬರಿನಿಂದ ರೋಗಿಗಳಿಗೆ ಬಳಕೆಯಾಯಿತು. ಇಂದಿನ ಪಾಲಿ ಅದರದೇ ವಂಶ. ಹಳೆಯ ಪಾಲಿ ವರ್ಷಕ್ಕೆ ಸುಮಾರು 0.1 ಮಿ.ಮೀ. ಸವೆಯುತ್ತಿತ್ತು, ಆ ಕಣ್ಣಿಗೆ ಕಾಣದ ಪುಡಿಯನ್ನು ದೇಹದ ಜೀವಕೋಶಗಳು ನುಂಗಲು ಹೋಗಿ, ಆ ಗಲಾಟೆಯಲ್ಲಿ ಸುತ್ತಲಿನ ಮೂಳೆಯೇ ಕರಗಿ ಕೀಲು ಸಡಿಲವಾಗುತ್ತಿತ್ತು. 1990ರ ದಶಕದ ಕೊನೆಯಲ್ಲಿ ವಿಕಿರಣ ಹಾಯಿಸಿ ಶಾಖದಿಂದ ಸಂಸ್ಕರಿಸಿದ ಕ್ರಾಸ್‌ಲಿಂಕ್ಡ್ ಪಾಲಿ ಬಂದ ಮೇಲೆ ಈ ಸವೆತ ಅದರ ಒಂದು ಸಣ್ಣ ಅಂಶಕ್ಕೆ ಇಳಿದಿದೆ. "ಪಾಲಿ ಎಂದರೆ ಬೇಗ ಸವೆಯುವುದು" ಎಂದು ನಿಮಗೆ ಹೇಳಿದವರು ಆ ಹಳೆಯ ಪಾಲಿಯ ಕಾಲದಲ್ಲೇ ನಿಂತಿದ್ದಾರೆ.

ಸೆರಾಮಿಕ್ ಮೇಲೆ ಸೆರಾಮಿಕ್ ಎಲ್ಲಕ್ಕಿಂತ ಕಡಿಮೆ ಸವೆಯುತ್ತದೆ ಎಂಬುದು ನಿಜವೇ. ಈಗಿನದು ಅಲ್ಯೂಮಿನಾಕ್ಕೆ ಜಿರ್ಕೋನಿಯಾ ಬೆರೆಸಿದ್ದು, ತಿಳಿಗುಲಾಬಿ ಬಣ್ಣದ್ದು, ಹಳೆಯ ಸೆರಾಮಿಕ್ಕಿಗಿಂತ ಬಹಳ ಗಟ್ಟಿ. ಆದರೆ ಅದು ಮುನಿಸಿನ ವಸ್ತು. ಲೈನರನ್ನು ಲೋಹದ ಕಪ್ಪಿನೊಳಗೆ ಕೂದಲೆಳೆಯಷ್ಟೂ ಓರೆಯಿಲ್ಲದೆ ಕೂರಿಸಬೇಕು, ಇಲ್ಲದಿದ್ದರೆ ಅಂಚು ಚಕ್ಕೆ ಏಳಬಹುದು. ಕಪ್ಪಿನ ಕೋನ ತಪ್ಪಿದರೆ ಚೆಂಡು ಅಂಚಿನ ಮೇಲೆ ಭಾರ ಹಾಕಿ, ನಡೆಯುವಾಗ, ಬಗ್ಗುವಾಗ ಬಾಗಿಲ ತಿರುಗಣೆಯಂತೆ ಕಿರುಗುಟ್ಟುವುದುಂಟು. ಒಡೆಯುವುದು ಅಪರೂಪ, ಒಡೆದರೆ ಮಾತ್ರ ಎಷ್ಟು ತೊಳೆದರೂ ಚೂರುಗಳು ಪೂರ್ತಿ ಹೋಗುವುದಿಲ್ಲ, ಅವು ಲೋಹದ ಚೆಂಡನ್ನು ಕೆರೆದು ಹಾಳುಮಾಡುವುದರಿಂದ ಮತ್ತೆ ಸೆರಾಮಿಕ್ ಚೆಂಡನ್ನೇ ಹಾಕಬೇಕಾಗುತ್ತದೆ. ಜೊತೆಗೆ, ಚೆಂಡು ಜಾರದಂತೆ ಒಂದು ಬದಿಯ ಅಂಚನ್ನು ಎತ್ತರಿಸಿದ ಲೈನರ್ ಪಾಲಿಯಲ್ಲಿ ಸುಲಭವಾಗಿ ಸಿಗುತ್ತದೆ, ಸೆರಾಮಿಕ್ಕಿನಲ್ಲಿ ಆ ಅನುಕೂಲವಿಲ್ಲ. ಪಾಲಿ ಕೆಳಗಿದ್ದರೆ ಕೈಯ ಸಣ್ಣ ತಪ್ಪನ್ನು ಅದು ಸ್ವಲ್ಪ ಸಹಿಸಿಕೊಳ್ಳುತ್ತದೆ.

ಲೋಹದ ಮೇಲೆ ಲೋಹ ಎಂದು ಯಾರಾದರೂ ಸೂಚಿಸಿದರೆ ಎದ್ದು ಬನ್ನಿ. ಎಂದೂ ಸವೆಯದು, ಯುವಕರಿಗೆ ಹೇಳಿ ಮಾಡಿಸಿದ್ದು ಎಂಬ ಮಾತು ಅದು ಬಂದಾಗಲೂ ಕೇಳಿಬಂದಿತ್ತು. ಉಜ್ಜಾಟದಿಂದ ಬಿಡುಗಡೆಯಾದ ಕೋಬಾಲ್ಟ್, ಕ್ರೋಮಿಯಂ ರಕ್ತ ಸೇರಿ, ಕೀಲಿನ ಸುತ್ತ ಮಾಂಸ ಕೊಳೆತು ಗಡ್ಡೆಗಳಾಗತೊಡಗಿದ ಮೇಲೆ ಜಾನ್ಸನ್ ಆ್ಯಂಡ್ ಜಾನ್ಸನ್‌ನ ಡೆಪ್ಯೂ ಸಂಸ್ಥೆ ತನ್ನ ಎಎಸ್ಆರ್ ಕೀಲನ್ನು 2010ರ ಆಗಸ್ಟಿನಲ್ಲಿ ಜಗತ್ತಿನೆಲ್ಲೆಡೆಯಿಂದ ಹಿಂದಕ್ಕೆ ತರಿಸಿಕೊಂಡಿತು. ಭಾರತದಲ್ಲೇ 4,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಲ್ಲಿ ಅದು ಬಳಕೆಯಾಗಿತ್ತು. ಅಂದಿನಿಂದ "ಜೀವಮಾನ" ಎಂಬ ಪದ ಕೇಳಿದಾಗಲೆಲ್ಲ ನನಗೆ ಕೀಲಿಗಿಂತ ಮಾರುವವರ ಮೇಲೆ ಗಮನ ಹೋಗುತ್ತದೆ. ಸೊಂಟದ ಕೀಲು ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಅಂದಾಜು ಹೀಗಿದೆ: ಹಾಕಿದ ಕೀಲುಗಳಲ್ಲಿ ಶೇ. 58ರಷ್ಟು 25 ವರ್ಷ ಬಾಳುತ್ತವೆ. ಅದು ಹೆಚ್ಚಾಗಿ ಹಳೆಯ ಪಾಲಿಯ ಕಾಲದ ಲೆಕ್ಕ, ಹಾಗಾಗಿ ಈಗಿನವು ಇನ್ನೂ ಚೆನ್ನಾಗಿ ಬಾಳಬಹುದು ಎಂದು ನಿರೀಕ್ಷಿಸಬಹುದು. ಆದರೆ 46ಕ್ಕೆ ಹಾಕಿಸಿಕೊಂಡವರು ಇನ್ನೊಂದು ಶಸ್ತ್ರಚಿಕಿತ್ಸೆಯ ಸಾಧ್ಯತೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುವುದೇ ಒಳ್ಳೆಯದು.

ಚೆಂಡಿನ ಗಾತ್ರವನ್ನು ನೀವು ಕೇಳಿಲ್ಲ, ಕೇಳಬೇಕಿತ್ತು. ಚಾರ್ನ್‌ಲೀಯವರ ಚೆಂಡು ಸುಮಾರು 22 ಮಿ.ಮೀ. ಇತ್ತು, ಈಗ 32 ಅಥವಾ 36 ಸಾಮಾನ್ಯ. ಚೆಂಡು ದೊಡ್ಡದಾದಷ್ಟೂ ಕೀಲು ತಪ್ಪುವ ಸಾಧ್ಯತೆ ಕಡಿಮೆ, ಮದುವೆ ಮನೆಯಲ್ಲಿ ಪಂಕ್ತಿಗೆ ಕೂರುವ, ನೆಲದ ಮೇಲೆ ಮಲಗೇಳುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಹಾಗೆಂದು ಯಾವ ಚೆಂಡೂ ಕುಕ್ಕರಗಾಲಲ್ಲಿ ಕೂರಲು ಪರವಾನಗಿ ಕೊಡುವುದಿಲ್ಲ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಆ ಖರ್ಚನ್ನು ಈಗಲೇ ಸೇರಿಸಿಕೊಳ್ಳಿ. ಫ್ರಾನ್ಸಿನ ಶಸ್ತ್ರಚಿಕಿತ್ಸಕ ಬೂಸ್ಕೆ 1970ರ ದಶಕದಲ್ಲಿ ರೂಪಿಸಿದ, ಚಿಕ್ಕ ಚೆಂಡು ದೊಡ್ಡ ಪಾಲಿ ಚೆಂಡಿನೊಳಗೆ ತಿರುಗುವ ಡ್ಯುಯಲ್ ಮೊಬಿಲಿಟಿ ಎಂಬ ಬಗೆ ಇದೆ, ಅದು ಕೀಲು ತಪ್ಪುವ ಭಯ ಹೆಚ್ಚಿರುವವರಿಗೆ. ನಿಮಗೆ ಅದರ ಅಗತ್ಯ ಕಾಣುವುದಿಲ್ಲ.

ಒಟ್ಟಿನಲ್ಲಿ ನಿಮ್ಮ ಜಾಗದಲ್ಲಿ ನನ್ನ ತಮ್ಮ ಇದ್ದಿದ್ದರೆ, ಸಿಮೆಂಟ್ ಇಲ್ಲದ ಸ್ಟೆಮ್ ಮತ್ತು ಕಪ್, ಸೆರಾಮಿಕ್ ಚೆಂಡು, ಕ್ರಾಸ್‌ಲಿಂಕ್ಡ್ ಪಾಲಿ ಲೈನರ್ ಎಂದು ಹೇಳುತ್ತಿದ್ದೆ, ಇನ್ನೊಂದಕ್ಕಾಗಿ ಸಾಲ ಮಾಡಲು ಬಿಡುತ್ತಿರಲಿಲ್ಲ. ಶಸ್ತ್ರಚಿಕಿತ್ಸಕರಿಗೆ ಸೆರಾಮಿಕ್ ಮೇಲೆ ಸೆರಾಮಿಕ್ಕೇ ವರ್ಷಗಳ ರೂಢಿಯಾಗಿದ್ದು, ನಿಮಗೆ ಹಣದ ಒತ್ತಡವೂ ಇಲ್ಲದಿದ್ದರೆ ಅದೂ ತಪ್ಪಲ್ಲ. 2017ರಲ್ಲಿ ಸರ್ಕಾರ ಬೆಲೆ ಕಟ್ಟಿದ್ದು ಮೊಣಕಾಲಿನ ಕೀಲಿಗೆ, ಆ ಆದೇಶ ಸೊಂಟದ ಕೀಲಿಗೆ ಅನ್ವಯವಾಗಲಿಲ್ಲ. ಆದ್ದರಿಂದ ಚೆಂಡು, ಲೈನರ್, ಕಪ್, ಸ್ಟೆಮ್ ಪ್ರತಿಯೊಂದರ ತಯಾರಕರು, ಹೆಸರು, ಬೆಲೆಯನ್ನು ಬೇರೆ ಬೇರೆಯಾಗಿ ಬರೆದುಕೊಡಿ ಎಂದು ಎರಡೂ ಕಡೆ ಕೇಳಿ.

ಕೊನೆಯದಾಗಿ ಒಂದು ಕೆಲಸ ಮರೆಯಬೇಡಿ. ಪ್ರತಿ ಭಾಗದ ಡಬ್ಬಿಯಲ್ಲೂ ಅಳತೆ, ಲಾಟ್ ಸಂಖ್ಯೆ ಇರುವ ಸ್ಟಿಕ್ಕರುಗಳಿರುತ್ತವೆ, ಅವನ್ನು ನಾವು ಕೇಸ್ ಶೀಟಿಗೆ ಅಂಟಿಸುತ್ತೇವೆ. ಒಮ್ಮೆ ಬೇರೆ ಊರಿನಲ್ಲಿ ಕೀಲು ಹಾಕಿಸಿಕೊಂಡಿದ್ದ ಒಬ್ಬರು ಲೈನರ್ ಸವೆದು ನಮ್ಮಲ್ಲಿಗೆ ಬಂದರು. ಅವರ ಡಿಸ್ಚಾರ್ಜ್ ಹಾಳೆಯಲ್ಲಿ "ಟಿಎಚ್ಆರ್ (ಸೊಂಟದ ಕೀಲು ಬದಲಾವಣೆ) ಮಾಡಲಾಗಿದೆ" ಎಂದಷ್ಟೇ ಇತ್ತು, ಹಳೆಯ ಕಡತ ಸಿಗಲಿಲ್ಲ. ಯಾವ ಕಂಪನಿಯ ಕಪ್ಪು ಎಂದು ತಿಳಿಯದೆ ಹೊಂದುವ ಲೈನರ್ ತರಿಸಲಾಗದೆ, ಮೂಳೆಗೆ ಗಟ್ಟಿಯಾಗಿ ಹತ್ತಿಕೊಂಡಿದ್ದ ಒಳ್ಳೆಯ ಕಪ್ಪನ್ನೇ ಕಿತ್ತು ಬದಲಿಸಬೇಕಾಯಿತು. ಅರ್ಧದಷ್ಟು ಹೊತ್ತಿನಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯಿತು. ಸ್ಟಿಕ್ಕರುಗಳ ಒಂದು ಪ್ರತಿ ಡಿಸ್ಚಾರ್ಜ್ ಸಮ್ಮರಿಯ ಹಿಂದೆ ಅಂಟಿರಬೇಕೆಂದು ಸೇರುವ ದಿನವೇ ವಾರ್ಡಿನ ಸಿಸ್ಟರಿಗೆ ಹೇಳಿಡಿ, ಮನೆಗೆ ಹೊರಡುವ ಮುನ್ನ ಅದರ ಫೋಟೋ ತೆಗೆದುಕೊಳ್ಳಿ.